ಅಂಕಿತವಿಲ್ಲದ ಕೀರ್ತನೆ



ಕ್ರೈಸ್ತ ಭಕ್ತಿಗೀತವೊಂದನ್ನು ಕುರಿತು ಮಾತನಾಡುವುದಕ್ಕೆ ಬಳ್ಳಾರಿಗಿಂತ ಉಚಿತವಾದ ಊರು ಕನ್ನಡನಾಡಿನಲ್ಲಿ ವಿರಳವೆಂದೇ ಹೇಳಬೇಕು. 1810ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ಬೈಬಲ್ಲನ್ನು ನಮ್ಮ ನುಡಿಗೆ ತರುವ ಕಾರ್ಯಕ್ಕೆ ಕೈಹಚ್ಚಿದ್ದು ಈ ನೆಲದಲ್ಲಿಯೇ, ಅದರ ಫಲವಾಗಿ 1831ರ ವೇಳೆಗೆ ಸಮಗ್ರ ಗ್ರಂಥವು ಕನ್ನಡದಲ್ಲಿ ಅಚ್ಚಾಯಿತು. ಆದರೆ ಇಂದಿನ ನನ್ನ ವಿಷಯವಾದ ಗೀತವು ಇಗರ್ಜಿಯ ಪ್ರಶಾಂತ ಗಾಯನವಲ್ಲ. ಅದು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಪಿ.ಒ.ಡಿ. ಎಂಬ ಕ್ರೈಸ್ತ ಮೆಟಲ್ ತಂಡವು 2001ರಲ್ಲಿ ಹೊರತಂದ ‘ಅಲೈವ್’.

ಮೆಟಲ್ ಸಂಗೀತವನ್ನು ಕೇಳಿದೊಡನೆ ಕಿವಿ ಮುಚ್ಚಿಕೊಳ್ಳುವ ಹಿರಿಯರ ಮೇಲೆ ನನಗೆ ಆಕ್ಷೇಪವಿಲ್ಲ. ವಿದ್ಯುತ್ ಗಿಟಾರಿನ ನಾದವನ್ನು ಧ್ವನಿವರ್ಧಕವು ತಾಳಲಾರದಷ್ಟು ಹೆಚ್ಚಿಸಿದಾಗ ಅಲೆಗಳ ಶಿಖರಗಳು ಮೊಟಕಾಗಿ, ಮೂಲಸ್ವರದಲ್ಲಿಲ್ಲದ ಉಪಸ್ವರಗಳು ಹುಟ್ಟಿ, ತಂತಿಯ ದನಿಯು ಒರಟಾಗಿ, ದೀರ್ಘವಾಗಿ ಗರ್ಜಿಸತೊಡಗುವುದು, ಪಿ.ಒ.ಡಿ.ಯವರು ಇದರೊಡನೆ ರಾಪ್ ಗಾಯನದ ವೇಗವನ್ನೂ ಜಮೈಕಾದ ರೆಗೆ ಲಯವನ್ನೂ ಬೆರೆಸಿದರು. ಇಂತಹ ಘೋರನಾದದೊಳಗೆ ಅವರು ಇಟ್ಟದ್ದು ಮಾತ್ರ ಕೃತಜ್ಞತೆಯನ್ನು: ಉಸಿರಾಡುತ್ತಿರುವುದಕ್ಕೆ, ಮತ್ತೊಂದು ಹಗಲನ್ನು ಕಂಡುದಕ್ಕೆ.

ಆ ಕೃತಜ್ಞತೆ ಬಾಯುಪಚಾರದ್ದಲ್ಲ. ಗಾಯಕ ಸನ್ನಿ ಸ್ಯಾಂಡೊವಲ್ ಅವರು ದೇವರ ಕಡೆಗೆ ತಿರುಗಿದುದು ತಮ್ಮ ತಾಯಿ ರಕ್ತಾರ್ಬುದದಿಂದ ಸಾವಿನ ಹೊಸ್ತಿಲಲ್ಲಿದ್ದ ಕಾಲದಲ್ಲಿ. ಮರಣವನ್ನು ಮನೆಯೊಳಗೇ ಕಂಡವನು ಬದುಕನ್ನು ಹೊಗಳುವಾಗ ಅವನ ಕಂಠದಲ್ಲಿ ನಯನಾಜೂಕುಗಳನ್ನು ಹುಡುಕುವುದು ತರವಲ್ಲ. ಆ ಕೂಗಿಗೆ ಒರಟು ಗಿಟಾರೇ ತಕ್ಕ ಶ್ರುತಿಯೆಂದು ನನ್ನ ಭಾವನೆ.

ಫ್ರಾನ್ಸಿಸ್ ಲಾರೆನ್ಸ್ ನಿರ್ದೇಶಿಸಿದ ಈ ಹಾಡಿನ ದೃಶ್ಯಚಿತ್ರವು ಇದೇ ಭಾವವನ್ನು ಮಾತಿಲ್ಲದೆ ಹೇಳುತ್ತದೆ. ತಾರುಣ್ಯದ ಹುಮ್ಮಸ್ಸಿನಲ್ಲಿ ಕಾರಿನಲ್ಲಿ ಹೊರಟವರು ಭೀಕರವಾದ ಅಪಘಾತಕ್ಕೆ ಸಿಲುಕುತ್ತಾರೆ. ಲೋಹವು ನುಗ್ಗಾಗುವ ಆ ಗಳಿಗೆಯನ್ನು ನಿರ್ದೇಶಕನು ಮರೆಮಾಚುವುದಿಲ್ಲ. ಅಲ್ಲಿಂದ ಜೀವಸಹಿತ ಪಾರಾದವರ ವಿಸ್ಮಯವನ್ನು ಕಂಡ ಮೇಲೆ ಪಲ್ಲವಿಯ ‘ಬದುಕಿದ್ದೇನೆ’ ಎಂಬ ಉದ್ಘೋಷಕ್ಕೆ ಬೇರೊಂದು ವ್ಯಾಖ್ಯಾನ ಬೇಕಾಗದು. ಹಾಡನ್ನು ಒಳಗೊಂಡ ‘ಸ್ಯಾಟಲೈಟ್’ ಎಂಬ ಸಂಪುಟವು ಬಿಡುಗಡೆಯಾದುದು 2001ರ ಸೆಪ್ಟೆಂಬರ್ 11ರಂದು, ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ದಿನವೇ. ಆ ಶೋಕದ ಕಾಲದಲ್ಲಿ, ಬದುಕಿದ್ದೇನೆಂಬ ಈ ಘೋಷವನ್ನು ಲಕ್ಷಾಂತರ ಜನ ಕೇಳಿದರು; ಗೀತವು ಗ್ರ್ಯಾಮಿ ಪ್ರಶಸ್ತಿಗೂ ನಾಮನಿರ್ದೇಶನಗೊಂಡಿತು.

ಇನ್ನು ಭಕ್ತರ ಪಾಳೆಯದಿಂದಲೇ ಬರುವ ಆಕ್ಷೇಪವನ್ನು ನೋಡೋಣ. ಈ ಹಾಡಿನಲ್ಲಿ ಯೇಸುವಿನ ಹೆಸರಿಲ್ಲ. ‘ನೀನು’ ಎಂಬ ಸಂಬೋಧನೆಯಷ್ಟೇ ಇರುವುದು. ಹಂಪೆಯ ಸಮೀಪದವರಾದ ನಮಗೆ ಪುರಂದರ ವಿಠಲನೆಂಬ ಅಂಕಿತವಿಲ್ಲದ ದಾಸರ ಪದವನ್ನು ಊಹಿಸುವುದು ಕಷ್ಟ. ಹೆಸರಿಲ್ಲದ ಸ್ತುತಿಯನ್ನು ಪ್ರೇಯಸಿಗೂ ಸಲ್ಲಿಸಬಹುದು, ದೇವರಿಗೂ ಸಲ್ಲಿಸಬಹುದು, ಎಂ.ಟಿ.ವಿ. ಸಂಗೀತವಾಹಿನಿಯಲ್ಲಿ ಅದು ಸಲೀಸಾಗಿ ಸಲ್ಲುವುದಕ್ಕೆ ಈ ಸಂದಿಗ್ಧವೂ ನೆರವಾಯಿತೆಂಬುದನ್ನು ನಾನು ಅಲ್ಲಗಳೆಯಲಾರೆ. ಪಿ.ಒ.ಡಿ.ಯವರಿಗಿಂತ ಮೊದಲು, 1980ರ ದಶಕದಲ್ಲಿ, ಸ್ಟ್ರೈಪರ್ ಎಂಬ ತಂಡದವರು ಹಳದಿ-ಕಪ್ಪು ಪಟ್ಟೆಗಳ ಉಡುಪು ತೊಟ್ಟು ವೇದಿಕೆಯಿಂದ ಹೊಸ ಒಡಂಬಡಿಕೆಯ ಪ್ರತಿಗಳನ್ನು ಸಭಿಕರತ್ತ ಎಸೆಯುತ್ತಿದ್ದರು, ಅವರಲ್ಲಿ ಸಂದಿಗ್ಧವೆಂಬುದಿರಲಿಲ್ಲ. ಆದರೂ ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ‘ಅಲೈವ್’ ಅನ್ನೇ ಆರಿಸುವೆನು. ಅಲ್ಲಿ ಕೇಳುಗನು ಬೋಧನೆಗೆ ಗುರಿಯಾಗುವುದಿಲ್ಲ, ಹಾಡುವವನೊಡನೆ ತಾನೂ ಕೃತಜ್ಞನಾಗುತ್ತಾನೆ.

ಹೊಸ ಛಂದದಲ್ಲಿ ಹಳೆಯ ಶ್ರದ್ಧೆಯನ್ನು ಹಾಡುವುದು ನಮ್ಮಲ್ಲಿಯೂ ಅಪೂರ್ವವೇನಲ್ಲ. ಫರ್ಡಿನಾಂಡ್ ಕಿಟ್ಟೆಲ್ಲರು 1862ರಲ್ಲಿಯೇ ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ ಎಂಬ ಹೆಸರಿನಿಂದ ನಮ್ಮ ದೇಶೀಯ ಛಂದಸ್ಸಿನಲ್ಲಿ ರಚಿಸಿದರು. ಅವರ ಕನ್ನಡ ನಿಘಂಟಿನ ಕೀರ್ತಿಯ ಮುಂದೆ ಆ ಕಾವ್ಯವನ್ನು ನಾವು ಮರೆತಿದ್ದೇವೆ. ಈ ಉಪನ್ಯಾಸಮಾಲೆಯನ್ನು ನಡೆಯಿಸುತ್ತಿರುವ ಸಂಘದವರು ಮುಂದಿನ ಒಂದು ಸಂಜೆಯನ್ನು ‘ಕಥಾಮಾಲೆ’ಯ ವಾಚನಕ್ಕೆ ಮೀಸಲಿಡಬೇಕೆಂದೂ, ಅಂದು ಮೆಟಲ್ ಕೇಳುವ ಈ ಊರಿನ ತರುಣರನ್ನು ಆದರದಿಂದ ಮುಂದಿನ ಸಾಲಿಗೆ ಕರೆಯಬೇಕೆಂದೂ ಬೇಡಿಕೊಳ್ಳುತ್ತೇನೆ.