ಹೊಳೆಯ ದಂಡೆ ಖಾಲಿ ಜಾಗವಲ್ಲ
(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮಲ್ಲಿ ಕೆಲವರು ಬರುವ ಬೇಸಿಗೆಯಲ್ಲಿ ಹಿಮಾಚಲ ಪ್ರದೇಶದ ತೀರ್ಥನ್ ಕಣಿವೆಗೆ ಫ್ಲೈ ಫಿಶಿಂಗ್ ಕಲಿಯಲು ಹೊರಟಿದ್ದೀರಿ. ಅಲ್ಲಿ ಗುಡಾರವನ್ನು ಎಲ್ಲಿ ಹಾಕಬೇಕೆಂದು ನನ್ನನ್ನು ಕೇಳಿದಿರಿ. ಪ್ರಶ್ನೆ ಸಣ್ಣದು, ಆದರೆ ಉತ್ತರಿಸಬೇಕಾದರೆ ನದಿಯನ್ನೇ ಓದಬೇಕಾಗುತ್ತದೆ.

ಹಿರಿಯರಿಗಾಗಿ ಒಂದು ಮಾತು. ಇದು ಎರೆಹುಳು ಸಿಕ್ಕಿಸುವ ನಮ್ಮ ಗಾಳದಂತಲ್ಲ. ಪುಕ್ಕ, ನೂಲುಗಳನ್ನು ಕೊಕ್ಕೆಗೆ ಸುತ್ತಿ ಅದಕ್ಕೆ ಕೀಟದ ರೂಪ ಕೊಡುತ್ತಾರೆ. ತೂಕವಿರುವ ದಾರವನ್ನು ಬೀಸಿ ಆ ಹಗುರವಾದ ಕೀಟವನ್ನು ನೀರಿನ ಮೇಲೆ ಇಳಿಸುತ್ತಾರೆ. ತೀರ್ಥನ್‌ನಲ್ಲಿ ಹೀಗೆ ಹಿಡಿಯುವುದು ಟ್ರೌಟ್ ಮೀನನ್ನು. ಅದು ಆ ನೆಲದ ಮೀನಲ್ಲ. ಕುಲ್ಲು ಪ್ರದೇಶಕ್ಕೆ ಬ್ರಿಟಿಷರು 1909ರ ಸುಮಾರಿಗೆ ತಂದು ಬಿಟ್ಟದ್ದು.

ತೀರ್ಥನ್ ನದಿಯ ಮೇಲೆ ಜಲವಿದ್ಯುತ್ ಯೋಜನೆಗಳು ಬಾರದಂತೆ ಕಣಿವೆಯ ಜನರು ಹೋರಾಡಿ ಉಳಿಸಿಕೊಂಡಿದ್ದಾರೆ. ಆದರೆ ಅದು ಲಾರ್ಜಿಯಲ್ಲಿ ಬಿಯಾಸ್ ನದಿಯನ್ನು ಸೇರುತ್ತದೆ, ಅಲ್ಲಿ ಅಣೆಕಟ್ಟಿದೆ. 2014ರ ಜೂನ್ 8ರ ಸಂಜೆ ಆ ಅಣೆಕಟ್ಟಿನಿಂದ ಬಿಟ್ಟ ನೀರು, ಕೆಳಗಿನ ಬಂಡೆಗಳ ಮೇಲೆ ಛಾಯಾಚಿತ್ರ ತೆಗೆದುಕೊಳ್ಳುತ್ತಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. ಅವರೂ ನಿಮ್ಮದೇ ವಯಸ್ಸಿನವರು. ಅವರು ನಿಂತಿದ್ದ ಸ್ಥಳ ಸ್ವಲ್ಪ ಹೊತ್ತಿನ ಹಿಂದೆ ಒಣ ನೆಲವಾಗಿತ್ತು.

ಆದುದರಿಂದ ಮೊದಲ ಮಾತು ಇದು: ಇಂದು ಒಣಗಿರುವ ದಂಡೆಯೂ ನೀರಿನ ಜಾಗವೇ. ಪೊದೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಬಂಡೆಯ ಮೇಲಿನ ಕೆಸರಿನ ಗೆರೆ, ಹುಲ್ಲು ಹುಟ್ಟದ ಮರಳು, ಉರುಟಾದ ಕಲ್ಲುಗಳ ಹಾಸು, ಇವೆಲ್ಲ ನೀರು ಬರೆದಿಟ್ಟ ಗುರುತುಗಳು. ಗುಡಾರವು ಆ ಗುರುತಿಗಿಂತ ಸಾಕಷ್ಟು ಮೇಲಿರಬೇಕು. ಹಿಮ ಕರಗಿ ಹರಿಯುವ ನದಿ ಬೆಳಗ್ಗೆ ಇಳಿದಿರುತ್ತದೆ, ಸಂಜೆಗೆ ಏರುತ್ತದೆ. ಬೆಳಗಿನ ನದಿಯನ್ನು ಕಂಡು ರಾತ್ರಿಯ ಜಾಗವನ್ನು ಆರಿಸಬೇಡಿ. ನದಿಯ ನಡುಗಡ್ಡೆಯಲ್ಲಂತೂ ಎಂದಿಗೂ ಮಲಗಬೇಡಿ. ಒಣಗಿದ ಕೊಂಬೆಯ ಕೆಳಗೆ, ಕಲ್ಲುರುಳುವ ಇಳಿಜಾರಿನ ಬುಡದಲ್ಲಿಯೂ ಬೇಡ. ತುಸು ಎತ್ತರದ ಸಮತಟ್ಟು ಸಿಕ್ಕರೆ ಇನ್ನೊಂದು ಲಾಭವುಂಟು: ತಣ್ಣನೆಯ ಗಾಳಿ ರಾತ್ರಿ ತಗ್ಗಿಗೆ ಇಳಿಯುವುದರಿಂದ ಅಲ್ಲಿ ಚಳಿ, ಇಬ್ಬನಿ ಕಡಿಮೆ.

ಎರಡನೆಯ ಮಾತು ಮೀನಿನ ಕುರಿತು. ನೀವು ಪುಕ್ಕದಿಂದ ಅನುಕರಿಸುವ ಕೀಟಗಳ ಮರಿಗಳು ತಿಂಗಳುಗಟ್ಟಲೆ ಹೊಳೆಯ ಕಲ್ಲುಗಳ ಅಡಿಯಲ್ಲಿ ಬಾಳುತ್ತವೆ. ಅವುಗಳಿಗೆ ತಿಳಿಯಾದ, ಆಮ್ಲಜನಕ ತುಂಬಿದ ನೀರು ಬೇಕು. ದಂಡೆಯ ಹುಲ್ಲನ್ನು ತುಳಿದು ಮಣ್ಣು ಸಡಿಲಿಸಿದರೆ ಅದು ಹರಿದು ಕಲ್ಲುಗಳ ಸಂದಿಯನ್ನು ಮುಚ್ಚುತ್ತದೆ. ಪಾತ್ರೆ ತೊಳೆದ ಸಾಬೂನು ಉಳಿದ ಕೆಲಸವನ್ನು ಮುಗಿಸುತ್ತದೆ. ಕೀಟದ ಪ್ರತಿರೂಪವನ್ನು ಕೈಯಲ್ಲಿ ಹಿಡಿದು ನಿಜವಾದ ಕೀಟವನ್ನು ಕೊಲ್ಲುವುದು ಎಂಥ ವಿಪರ್ಯಾಸ! ಗುಡಾರ, ಅಡುಗೆ, ಶೌಚದ ಗುಂಡಿ, ಎಲ್ಲವೂ ನೀರಿನಿಂದ ಕನಿಷ್ಠ 70 ಹೆಜ್ಜೆ ದೂರವಿರಲಿ. ತೊಳೆಯುವ ನೀರನ್ನು ಹೊತ್ತು ಅಲ್ಲಿಗೇ ಒಯ್ಯಿರಿ. ಟ್ರೌಟ್ ಚಳಿಗಾಲದಲ್ಲಿ ಜಲ್ಲಿಯಲ್ಲಿ ಮೊಟ್ಟೆ ಹುದುಗಿಸುತ್ತದೆ. ಅದಕ್ಕಾಗಿಯೇ ಅಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಅದನ್ನು ಹಿಡಿಯುವಂತಿಲ್ಲ. ಉಳಿದ ದಿನಗಳಲ್ಲಿಯೂ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು.

ಮೂರನೆಯದು, ನಮಗಿಂತ ಮೊದಲೇ ಅಲ್ಲಿರುವವರ ಮಾತು. ಪ್ರಾಣಿಗಳು ನೀರಿಗಿಳಿಯುವ ಜಾಡು, ಕುರಿಗಾಹಿಗಳ ದಾರಿ, ಊರವರು ಕುಡಿಯುವ ನೀರು ತುಂಬಿಕೊಳ್ಳುವ ಸ್ಥಳ, ಇವುಗಳನ್ನು ಬಿಟ್ಟುಕೊಡಿ. ಗುಡಾರ ಬಿಚ್ಚುವ ಮುನ್ನ ಊರಿನ ಹಿರಿಯರೊಬ್ಬರನ್ನು ವಿಚಾರಿಸಿ. ಹೊಳೆ ಎಲ್ಲಿಯವರೆಗೆ ಏರಿತ್ತೆಂಬುದನ್ನು ನಕ್ಷೆ ಹೇಳದಿದ್ದರೂ ಅವರು ಹೇಳುತ್ತಾರೆ. ಮೊದಲೇ ಯಾರೋ ಬೀಡುಬಿಟ್ಟು ಗಟ್ಟಿಯಾದ ನೆಲವಿದ್ದರೆ ಅಲ್ಲಿಯೇ ಉಳಿಯಿರಿ. ಹೊಸ ಹುಲ್ಲನ್ನು ತುಳಿಯಬೇಡಿ.

ಈ ಮಾತುಗಳು ಹಿಮಾಲಯಕ್ಕಷ್ಟೇ ಅಲ್ಲ. ಶರಾವತಿ, ಕಾಳಿ ನದಿಗಳ ಅಣೆಕಟ್ಟುಗಳ ಕೆಳಗೆ ನೀರು ಏರುವುದು ಮಳೆಯಿಂದ ಮಾತ್ರವಲ್ಲ, ವಿದ್ಯುತ್ತಿನ ಬೇಡಿಕೆಯಿಂದಲೂ ಹೌದು. ಘಟ್ಟದ ಮೇಲೆ ಮಳೆ ಸುರಿದರೆ ಕೆಳಗೆ ಬಿಸಿಲಿರುವಾಗಲೇ ಹಳ್ಳ ತುಂಬಿ ಬರುತ್ತದೆಂಬುದನ್ನು ಇಲ್ಲಿನ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಕಾವೇರಿಯ ಡುಬ್ಬದ ಮಶೀರ್ ಮೀನು ಅಳಿವಿನ ಅಂಚಿನಲ್ಲಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯೇ ಸಾರಿದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ನಮ್ಮ ಪೂರ್ವಿಕರು ಮೀನುಗಳನ್ನು ದೇವರದೆಂದು ಮುಟ್ಟದೆ ಉಳಿಸಿದರು. ಎಲ್ಲಿ ಕಾಲಿಡಬಾರದೆಂಬುದನ್ನು ಮೊದಲು ತೀರ್ಮಾನಿಸುವ ವಿವೇಕ ಅದು.

ಗುಡಾರದ ಜಾಗವನ್ನೂ ಹಾಗೆಯೇ ಆರಿಸಿ. ನೀರಿಗೆ, ಮೀನಿಗೆ, ಮೃಗಕ್ಕೆ, ಊರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆ ಉಳಿಯುವ ತುಂಡು ನೆಲ ನಿಮ್ಮದು. ಅದೂ ಒಂದು ರಾತ್ರಿಯ ಮಟ್ಟಿಗೆ. ಕ್ಷೇಮವಾಗಿ ಹೋಗಿ ಬನ್ನಿ. ಬಂದಮೇಲೆ ನಮ್ಮ ಹೊಳೆಯ ದಂಡೆಯನ್ನೂ ಅದೇ ಕಣ್ಣಿನಿಂದ ನೋಡಿ.