ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

(ಭಾವಿಕೇರಿಯಲ್ಲಿ ಕಟ್ಟಡ, ಕೂಲಿ ಹಾಗೂ ಮನೆಗೆಲಸದ ಕಾರ್ಮಿಕರ ತರಬೇತಿಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)



ಇಲ್ಲಿ ಕುಳಿತವರಲ್ಲಿ ಗಾರೆ ಕೆಲಸದವರಿದ್ದೀರಿ, ಚಿರೆಕಲ್ಲು ಹೊರುವವರಿದ್ದೀರಿ, ಅಂಕೋಲಾ ಪೇಟೆಯ ಮನೆಗಳಿಗೆ ಪಾತ್ರೆ-ಬಟ್ಟೆ ಕೆಲಸಕ್ಕೆ ಹೋಗುವವರಿದ್ದೀರಿ. ಎಲ್ಲರದೂ ಇವತ್ತಿನ ಕೂಲಿ ಹೋಗಿದೆ. ಆದ್ದರಿಂದ ನಾವು ಉದ್ದ ಭಾಷಣ ಮಾಡುವುದಿಲ್ಲ. ಒಂದು ದಿನದ ಕೂಲಿಗೆ ಸಮನಾದದ್ದು ಏನಾದರೂ ನೀವು ಮನೆಗೆ ಒಯ್ಯಬೇಕು, ಅಷ್ಟೇ ನಮ್ಮ ಆಸೆ.

ಕಾರ್ಮಿಕ ಸಂಘಗಳ ತರಬೇತಿ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತೇ ಇದೆ. ಪತ್ರ ಬರುತ್ತದೆ: "ಇಬ್ಬರನ್ನು ಕಳಿಸಿ." ಅಧ್ಯಕ್ಷರು, ಕಾರ್ಯದರ್ಶಿಗಳು ಕಾರವಾರಕ್ಕೋ ಹುಬ್ಬಳ್ಳಿಗೋ ಹೋಗುತ್ತಾರೆ. ಅಲ್ಲಿ ಒಂದು ಫೈಲು, ಒಂದು ಪೆನ್ನು, ಮಧ್ಯಾಹ್ನದ ಊಟ, ಕೊನೆಗೆ ಗುಂಪು ಫೋಟೋ. ಮುಂದಿನ ವರ್ಷ ಮತ್ತೆ ಅದೇ ಇಬ್ಬರು. ಹತ್ತು ವರ್ಷದಲ್ಲಿ ಅವರಿಗೆ ಹತ್ತು ಫೈಲು ಆಗುತ್ತದೆ, ಉಳಿದ ಸದಸ್ಯರಿಗೆ ಏನೂ ಆಗುವುದಿಲ್ಲ. ನಾಯಕರಿಗೆ ತರಬೇತಿ ಬೇಡ ಎಂದು ನಾವು ಹೇಳುತ್ತಿಲ್ಲ. ಆದರೆ ಸದಸ್ಯರಿಗೆ ಪ್ರಶ್ನೆ ಕೇಳುವುದಕ್ಕೆ ಬರದಿದ್ದರೆ ತರಬೇತಿ ಪಡೆದ ನಾಯಕ ನಿಧಾನವಾಗಿ ಇನ್ನೊಬ್ಬ ಧಣಿ ಆಗುತ್ತಾನೆ. ಇದನ್ನು ನಾವು ಹಲವು ಕಡೆ ನೋಡಿದ್ದೇವೆ.

ನಮ್ಮ ದೇಶದಲ್ಲಿ ಕಾರ್ಮಿಕ ಶಿಕ್ಷಣ ಶುರುವಾದಾಗ ಯೋಚನೆ ಬೇರೆಯೇ ಇತ್ತು. 1958ರಲ್ಲಿ ನಾಗಪುರ ಕೇಂದ್ರವಾಗಿ ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಳಿ ಸ್ಥಾಪನೆಯಾಯಿತು. ಈಗ ಅದಕ್ಕೆ ದತ್ತೋಪಂತ್ ಠೇಂಗಡಿ ಅವರ ಹೆಸರಿಟ್ಟಿದ್ದಾರೆ. ಅದರ ಕ್ರಮದಲ್ಲಿ ಮೂರು ಮೆಟ್ಟಿಲು. ಮೊದಲು ಶಿಕ್ಷಣಾಧಿಕಾರಿಗಳು. ಅವರು ಕಾರ್ಮಿಕರ ಒಳಗಿನವರನ್ನೇ ಆರಿಸಿ 'ಕಾರ್ಮಿಕ ಶಿಕ್ಷಕ'ರನ್ನಾಗಿ ತಯಾರು ಮಾಡಬೇಕು. ಆ ಶಿಕ್ಷಕರು ತಮ್ಮ ಕಾರ್ಖಾನೆಗೆ ಮರಳಿ, ಜೊತೆಯವರಿಗೆ ತಾವೇ ಪಾಠ ಹೇಳಬೇಕು. ಕಲಿತವರು ಕಲಿಸಲೇಬೇಕು. ಆದರೆ ಈ ಕ್ರಮ ಹುಟ್ಟಿದ್ದು ಗೇಟು, ಸೈರನ್ನು ಇರುವ ಕಾರ್ಖಾನೆಗಳಿಗಾಗಿ. ಕೂಲಿಯವರಿಗೆ, ಹಳ್ಳಿಯವರಿಗೆ ಶಿಬಿರಗಳು ಬಂದದ್ದು ಆಮೇಲೆ. ಭಾವಿಕೇರಿಯಲ್ಲಿ ಗೇಟೂ ಇಲ್ಲ, ಸೈರನ್ನೂ ಇಲ್ಲ. ಇಲ್ಲಿ ಆ ಮೂರನೇ ಮೆಟ್ಟಿಲನ್ನು ನಾವೇ ಕಟ್ಟಿಕೊಳ್ಳಬೇಕು.

ಇದು ಹೊರಗಿನಿಂದ ತಂದ ಮಾತೆಂದು ತಿಳಿಯಬೇಡಿ. ಚುಟುಕು ಬರೆದ ದಿನಕರ ದೇಸಾಯಿಯವರು ನಮ್ಮ ಅಂಕೋಲಾ ತಾಲ್ಲೂಕಿನವರು. ಚುಟುಕು ಎಲ್ಲರಿಗೂ ಗೊತ್ತು, ಕಾರ್ಮಿಕ ಸಂಘದ ಕೆಲಸ ಅನೇಕರಿಗೆ ಗೊತ್ತಿಲ್ಲ. ಮುಂಬೈಯಲ್ಲಿ ಅವರು ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದರು, ಆ ಕಾರ್ಮಿಕರ ಸ್ಥಿತಿಗತಿಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು. ಇತ್ತ ಗೇಣಿ ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಮುಂದೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಮಾಡಿ ಊರೂರಿಗೆ ಶಾಲೆ ತಂದರು. ಕೆಲವರು ಇವನ್ನು ಎರಡು ಬೇರೆ ಕೆಲಸ ಎನ್ನುತ್ತಾರೆ. ನಮಗೆ ಹಾಗನಿಸುವುದಿಲ್ಲ. ರಸೀದಿ ಓದಲು ಬಾರದ ಗೇಣಿದಾರನ ಹತ್ತಿರ ಕಾನೂನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾದರೆ ಏನು ಕಲಿಯಬೇಕು? ಕಾನೂನನ್ನು ಪೂರ್ತಿ ಕಲಿಯಬೇಕೆಂದಿಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಜಾಗದಲ್ಲಿ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ದೊಡ್ಡ ಸಂಘಟನೆಗಳಲ್ಲಿ ನಡೆಯುತ್ತಿದೆ, ನಡೆಯಲಿ. ನಿಮ್ಮ ಕೈಗೆ ಸಿಗುವ ಎರಡು ಮಾತು ಹಳೆಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಒಂದು, ಅಸಂಘಟಿತ ಕಾರ್ಮಿಕರ ಸಂಘದ ಪದಾಧಿಕಾರಿಗಳಲ್ಲಿ ಕನಿಷ್ಠ ಅರ್ಧದಷ್ಟು ಜನ ಆ ಕೆಲಸ ಮಾಡುವವರೇ ಇರಬೇಕು. ಇನ್ನೊಂದು, ಸಂಘದ ಲೆಕ್ಕಪುಸ್ತಕವನ್ನೂ ಸದಸ್ಯರ ಪಟ್ಟಿಯನ್ನೂ ನೋಡುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗೂ ಇದೆ. ಗಮನಿಸಿ, ಪ್ರತಿಯೊಬ್ಬರಿಗೂ. ಅಧ್ಯಕ್ಷರ ಮೇಲೆ ಸಂಶಯ ಎಂದಲ್ಲ. "ಪುಸ್ತಕ ಸ್ವಲ್ಪ ತೋರಿಸಿ" ಎಂದರೆ ಮುಖ ಸಿಂಡರಿಸುವ ಪದಾಧಿಕಾರಿ ಇದ್ದರೆ ಮಾತ್ರ ಸಂಶಯ ಪಡಬೇಕು!

"ಸಿಸ್ಟರ್, ನಮ್ಗೆ ಲೆಕ್ಕ ಎಲ್ಲಾ ಬರೂದಿಲ್ಲ" ಎಂದು ಬೆಳಿಗ್ಗೆ ಒಬ್ಬ ಅಕ್ಕ ಹೇಳಿದರು. ಅವರನ್ನು ಕೇಳಿದೆವು, ಸ್ವಸಹಾಯ ಸಂಘದಲ್ಲಿ ಯಾರು ಬರೆಯುತ್ತಾರೆ ಎಂದು. "ನಾನೇ" ಎಂದರು. ನೋಡಿ, ವಾರದ ಉಳಿತಾಯ, ಸಾಲ, ಬಡ್ಡಿ, ಕಂತು ಎಲ್ಲ ಬರೆಯುವ ಹೆಂಗಸು ಕಾರ್ಮಿಕ ಸಂಘದ ಸಭೆಗೆ ಬಂದರೆ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ, ಇಲ್ಲಾ ಚಹಾ ಹಂಚುತ್ತಾಳೆ. ಠರಾವು ಬರೆಯುವವರು ಗಂಡಸರು. ನಮ್ಮ ಮಾತು ಒರಟಾಯಿತೆಂದು ಅಣ್ಣಂದಿರು ಬೇಸರ ಮಾಡಬಾರದು. ಖಜಾಂಚಿ ಬೇಕೆಂದು ದೂರ ಹುಡುಕುತ್ತೀರಿ, ಖಜಾಂಚಿ ನಿಮ್ಮ ಹಿಂದೆಯೇ ಕೂತಿದ್ದಾರೆ.

ಈಗ ಕಾರ್ಡಿನ ವಿಷಯ. ಇದು ಸ್ವಲ್ಪ ಕಹಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕರ್ನಾಟಕದಲ್ಲಿ 2007ರಲ್ಲಿ ಬಂತು. ಹಣ ಎಲ್ಲಿಂದ? ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದು ರೂಪಾಯಿ ಸೆಸ್ಸು. ಅಂದರೆ ನೀವು ಹೊತ್ತ ಕಲ್ಲಿನಿಂದಲೇ ಬಂದ ಹಣ, ಯಾರ ದಾನವೂ ಅಲ್ಲ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು. ಆ 90 ದಿನಕ್ಕೆ ಗುತ್ತಿಗೆದಾರರಷ್ಟೇ ಅಲ್ಲ, ನೋಂದಾಯಿತ ಕಾರ್ಮಿಕ ಸಂಘವೂ ದೃಢೀಕರಣ ಕೊಡಬಹುದು ಎಂಬ ಪದ್ಧತಿ ಬಂತು. ಗುತ್ತಿಗೆದಾರ ಸಹಿ ಹಾಕದಿದ್ದಾಗ ಬಡವರಿಗೆ ಇದರಿಂದ ದಾರಿ ಸಿಕ್ಕಿತು. ಆದರೆ ಆ ಸಹಿಗೆ ಬೆಲೆ ಕಟ್ಟುವವರೂ ಹುಟ್ಟಿಕೊಂಡರು. ಕರಣೆ ಮುಟ್ಟದವರ ಕೈಗೆ ಕಾರ್ಡು ಬಂತು, ಇಲಾಖೆ ಬೋಗಸ್ ಕಾರ್ಡು ಹುಡುಕಿ ರದ್ದು ಮಾಡಲು ಹೊರಟಿತು, ಆಗ ನಿಜವಾದ ಕೂಲಿಯವರೂ ಕಾಗದ ಹಿಡಿದು ಅಲೆಯಬೇಕಾಯಿತು. ಸಂಘವೊಂದು ಕಾರ್ಡು ಮಾಡಿಸುವ ಅಂಗಡಿಯಾದರೆ ಕೂಲಿಯ ಬಗ್ಗೆ, ಅಪಘಾತದ ಬಗ್ಗೆ ಕೇಳುವವರು ಯಾರು? ಅದಕ್ಕೇ ಇವತ್ತು ಮಧ್ಯಾಹ್ನ ಅರ್ಜಿಯನ್ನು ನೀವೇ ತುಂಬಬೇಕು. ತಪ್ಪಾದರೆ ಆಗಲಿ, ಇನ್ನೊಂದು ಪ್ರತಿ ಇದೆ.

ಮನೆಗೆಲಸದವರು ಕೇಳುತ್ತಾರೆ, "ನಮ್ಗೆ ಒಬ್ರು ಮಾಲಕರಲ್ಲ, ನಾಕು ಮನೆ. ಯಾರ ಮೇಲೆ ಸಂಘ ಕಟ್ಟೂದು?" ಅಹಮದಾಬಾದಿನಲ್ಲಿ ಇಳಾ ಭಟ್ ಅವರು 'ಸೇವಾ' ಸಂಘವನ್ನು ನೋಂದಣಿಗೆ ಒಯ್ದಾಗಲೂ ಕಚೇರಿಯವರು ಇದನ್ನೇ ಕೇಳಿದರು: ಮಾಲೀಕನೇ ಇಲ್ಲದ ಮೇಲೆ ಇದು ಎಂಥ ಸಂಘ? ಸಂಘ ಇರುವುದು ಮಾಲೀಕನ ವಿರುದ್ಧ ಅಲ್ಲ, ದುಡಿಯುವವರ ಒಗ್ಗಟ್ಟಿಗೆ ಎಂದು ವಾದಿಸಿ 1972ರಲ್ಲಿ ನೋಂದಣಿ ಪಡೆದರು. ಬೆಲ್ಜಿಯಂನಿಂದ ಬಂದ ಸಿಸ್ಟರ್ ಜೀನ್ ಡಿವೋಸ್ ಅವರು 1985ರಲ್ಲಿ ರಾಷ್ಟ್ರೀಯ ಮನೆಗೆಲಸದವರ ಆಂದೋಲನ ಕಟ್ಟಿದರು. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತು ಮಾಡಿತು. ಜಿನೀವಾದಲ್ಲಿ 2011ರಲ್ಲಿ ಮನೆಗೆಲಸದವರಿಗಾಗಿ 189ನೇ ಒಪ್ಪಂದ ಅಂಗೀಕಾರವಾಯಿತು, ಭಾರತ ಪರವಾಗಿ ಮತ ಹಾಕಿತು, ಆದರೆ ಇನ್ನೂ ಅದನ್ನು ಸ್ಥಿರೀಕರಿಸಿಲ್ಲ. 2004ರ ಆದೇಶದ ಸುದ್ದಿ ಎಷ್ಟು ಅಡಿಗೆಮನೆಗಳಿಗೆ ಮುಟ್ಟಿತು? ಇಲ್ಲಿ ಕೈ ಎತ್ತಿದವರು ಇಬ್ಬರೇ.

ಸಮಯದ ವಿಷಯ ಒಂದಿದೆ. ಹತ್ತರಿಂದ ಐದರ ತರಬೇತಿ ಸಂಬಳದವರಿಗೆ ಸರಿ. ನಿಮಗೆ ಸರಿಯಲ್ಲ. ಮಧ್ಯಾಹ್ನದ ಪಾತ್ರೆ ಮುಗಿಸಿ ಸಂಜೆಯ ಒಲೆ ಹಚ್ಚುವ ಮೊದಲು ಹೆಂಗಸರಿಗೆ ಎರಡು ತಾಸು ಸಿಗುತ್ತದೆ. ಗಂಡಸರಿಗೆ ಕತ್ತಲಾದ ಮೇಲೆ. ಹಾಗಾಗಿ ಎರಡು ಗುಂಪು, ವಾರಕ್ಕೆ ಒಂದು ಸಲ, ಇದೇ ಊರಿನಲ್ಲಿ. ಕಲಿಸುವವರು ನಾವಲ್ಲ. ಇವತ್ತು ನೀವು ಆರಿಸಿದ ನಾಲ್ವರು, ಅದರಲ್ಲಿ ಇಬ್ಬರು ಹೆಂಗಸರು. ನಾವು ಮೊದಲ ಮೂರು ತಿಂಗಳು ಮೂಲೆಯಲ್ಲಿ ಕೂರುತ್ತೇವೆ.

ಇನ್ನೊಂದು ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ವಿಮಾನ ನಿಲ್ದಾಣಕ್ಕೆಂದು ಅಲಗೇರಿ, ಬೆಲ್ಸೆ, ಭಾವಿಕೇರಿಯ ಜಮೀನು ಗುರುತಾಗಿದೆ. ಇಂಥ ದೊಡ್ಡ ಕೆಲಸಕ್ಕೆ ಗುತ್ತಿಗೆದಾರರು ಹೊರ ರಾಜ್ಯದ ಹುಡುಗರನ್ನು ತರುತ್ತಾರೆ. ನಮ್ಮ ಜಮೀನು, ನಮಗೇ ಕೆಲಸ ಎಂದು ನೀವು ಕೇಳುವುದು ನ್ಯಾಯ. ಆದರೆ ತಗಡಿನ ಶೆಡ್ಡಿನಲ್ಲಿರುವ ಆ ಹುಡುಗ ಕಡಿಮೆ ಕೂಲಿಗೆ ಒಪ್ಪಿದರೆ ನಿಮ್ಮ ಕೂಲಿಯೂ ಇಳಿಯುತ್ತದೆ. ಅವನನ್ನು ಸದಸ್ಯನನ್ನಾಗಿ ಮಾಡಿಕೊಳ್ಳಬೇಕೋ ಬೇಡವೋ ಎಂಬುದು ನಿಮ್ಮ ಸಭೆಯ ತೀರ್ಮಾನ. ಊಟಕ್ಕೆ ಮೊದಲು ಅದನ್ನು ಚರ್ಚೆಗೆ ತೆಗೆದುಕೊಳ್ಳೋಣ.

ಮುಂದಿನ ವಾರ ಬರುವಾಗ ಎಲ್ಲರೂ ಬ್ಯಾಂಕ್ ಪಾಸ್‌ಬುಕ್, ಕಾರ್ಡು ಇದ್ದವರು ಕಾರ್ಡು ತನ್ನಿ. ಕಾರ್ಯದರ್ಶಿಗಳು ರಸೀದಿ ಪುಸ್ತಕ, ನಗದು ಪುಸ್ತಕ ಎರಡನ್ನೂ ತರಬೇಕು. ಓದುವ ಸರದಿ ಹಿಂದಿನ ಸಾಲಿನಿಂದ ಶುರು.