ಸೈನ್ಯದಿಂದ ಮರಳಿದ ಮಗ ಮತ್ತು ಮೊದಲ ಮನೆಯ ಸಾಲ

(ಬೆಳಗಾವಿ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಮನೆ ಸಾಲದ ಮಾತು ಏಕೆ ಆಡುತ್ತಾರೆಂದು ನೀವು ಕೇಳಬಹುದು. ಆದರೆ ಕೊಟ್ಟಿಗೆಗೆ ಹೋದಲ್ಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದೇ: “ಸಾಹೇಬ್ರ, ಮಗ ಮಿಲಿಟರಿ ಬಿಟ್ಟು ಬಂದಾನ. ಮನಿನೂ ಕಟ್ಟಬೇಕು, ನಾಕು ಆಕಳಾನೂ ತರಬೇಕು. ಬ್ಯಾಂಕಿನವ್ರು ಸಾಲ ಕೊಡತಾರೇನ್ರಿ?”

ಕೊಡುತ್ತಾರೆ. ಆದರೆ ಮಾಜಿ ಸೈನಿಕನೆಂಬ ಗೌರವಕ್ಕಲ್ಲ, ಪ್ರತಿ ತಿಂಗಳು ಬರುವ ಹಣ ಮತ್ತು ಜಾಗದ ಕಾಗದ ನೋಡಿ ಕೊಡುತ್ತಾರೆ. 15 ವರ್ಷ ಸೇವೆ ಪೂರೈಸಿದ ಜವಾನನಿಗೆ ಜೀವಮಾನದ ಪಿಂಚಣಿ ಇದೆ. 36ರ ಹರೆಯದಲ್ಲಿ ಊರಿಗೆ ಬಂದವನಿಗೆ ಸಾಲ ತೀರಿಸಲು ಮುಂದೆ ಬೇಕಾದಷ್ಟು ವರ್ಷಗಳೂ ಇವೆ. ಬ್ಯಾಂಕಿನ ದೃಷ್ಟಿಯಲ್ಲಿ ಇವೆರಡೂ ಒಳ್ಳೆಯ ಅಂಶಗಳೇ.

ಇಲ್ಲಿ ಒಂದು ಸೂಕ್ಷ್ಮವಿದೆ. ನಿವೃತ್ತಿಯ ಹೊತ್ತಿಗೆ ಪಿಂಚಣಿಯ ಅರ್ಧದವರೆಗೆ ಕಮ್ಯುಟೇಷನ್ ಮಾಡಿಸಿ ಒಂದೇ ಗಂಟಿನಲ್ಲಿ ಹಣ ಪಡೆಯಬಹುದು. ಪಡೆದರೆ ಮುಂದಿನ 15 ವರ್ಷ ಆ ಭಾಗ ಕಡಿತವಾಗುತ್ತದೆ. ತುಟ್ಟಿಭತ್ಯೆಯನ್ನು ಮಾತ್ರ ಪೂರ್ಣ ಪಿಂಚಣಿಯ ಮೇಲೆ ಲೆಕ್ಕ ಹಾಕುತ್ತಾರೆ. ಬ್ಯಾಂಕಿನವರು ನೋಡುವುದು ಕಡಿತವಾದ ಮೇಲೆ ಖಾತೆಗೆ ಬೀಳುವ ಮೊತ್ತವನ್ನು. ಗಂಟಿನ ಹಣ ಕೈಗೆ ಬಂದೊಡನೆ ಬುನಾದಿ ತೋಡಿ, ಜರ್ಸಿ ಆಕಳು ತಂದು, ಅಕ್ಕನ ಮಗಳ ಮದುವೆಗೂ ಕೊಟ್ಟು, ಆಮೇಲೆ ಬ್ಯಾಂಕಿಗೆ ಹೋದವರಿದ್ದಾರೆ. 30 ಲಕ್ಷ ರೂಪಾಯಿವರೆಗಿನ ಮನೆ ಸಾಲದಲ್ಲೂ ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆಯ ಬೆಲೆಯ ಶೇಕಡಾ 90ಕ್ಕಿಂತ ಹೆಚ್ಚು ಸಿಗುವುದಿಲ್ಲ. ಉಳಿದದ್ದು ನಮ್ಮ ಕೈಯಿಂದಲೇ ಹೋಗಬೇಕು. ಆ ಗಂಟು ಅದಕ್ಕಾಗಿ ಇರಲಿ.

ಕಂತಿನ ಲೆಕ್ಕ ಕೇಳಿ. 10 ಲಕ್ಷಕ್ಕೆ ಶೇಕಡಾ 9ರ ಬಡ್ಡಿಯಾದರೆ 20 ವರ್ಷಕ್ಕೆ ತಿಂಗಳಿಗೆ ಸುಮಾರು 9,000 ರೂಪಾಯಿ, 15 ವರ್ಷಕ್ಕೆ ಸುಮಾರು 10,150. ತಿಂಗಳಿಗೆ ಸಾವಿರದ ಚಿಲ್ಲರೆ ಹೆಚ್ಚು ಕಟ್ಟಿದರೆ ಕೊನೆಗೆ ಮೂರು ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ.

ಈ ಕಂತು ಪಿಂಚಣಿಯಿಂದಲೇ ಹೋಗುವಷ್ಟು ಇರಬೇಕು, ಹಾಲಿನ ಹಣವನ್ನು ನಂಬಿ ಗೊತ್ತುಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಆಕಳು ಕೂಡ 305 ದಿನ ಹಾಲು ಕೊಟ್ಟು ಮುಂದೆ ಎರಡು ತಿಂಗಳು ಬತ್ತುತ್ತದೆ. ಬ್ಯಾಂಕಿನ ಕಂತು ಬತ್ತುವುದಿಲ್ಲ. ಕೆಚ್ಚಲು ಬಾವು ಬಂದರೆ ವಾರದಲ್ಲಿ ಲೆಕ್ಕ ತಪ್ಪುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಹಾಗೆಂದು ಹಾಲಿನ ಆದಾಯವನ್ನು ಬ್ಯಾಂಕಿನವರಿಂದ ಮುಚ್ಚಿಡಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಡೇರಿಯ ಸದಸ್ಯತ್ವ ತಾಯಿಯ ಹೆಸರಿನಲ್ಲೋ ಹೆಂಡತಿಯ ಹೆಸರಿನಲ್ಲೋ ಇದೆ. ಬಟವಾಡೆ ಅವರ ಖಾತೆಗೆ ತಪ್ಪದೆ ಜಮೆಯಾಗುತ್ತಿದ್ದರೆ ಅವರನ್ನು ಸಹ ಅರ್ಜಿದಾರರನ್ನಾಗಿ ಮಾಡಿ, ಆ ಪಾಸ್‌ಬುಕ್ಕನ್ನೂ ತೋರಿಸಿ.

ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ಜಾಗದ ಕಾಗದದಲ್ಲಿ. ಉತಾರ ಇನ್ನೂ ಅಜ್ಜನ ಹೆಸರಿನಲ್ಲಿ, ವಾಟ್ನಿ ಬಾಯಿಮಾತಿನಲ್ಲಿ! ಅಣ್ಣತಮ್ಮಂದಿರು ಎಷ್ಟೇ ಅನ್ಯೋನ್ಯವಾಗಿದ್ದರೂ ಬ್ಯಾಂಕಿಗೆ ನೋಂದಾಯಿತ ವಾಟ್ನಿ ಪತ್ರ ಬೇಕು. ಹೊಲದಲ್ಲಿ ಕಟ್ಟುವುದಾದರೆ ಬಿನ್‌ಶೇತ್ಕಿ ಆಗಿರಬೇಕು. ಊರೊಳಗಿನ ಜಾಗಕ್ಕೆ ಪಂಚಾಯತಿಯ ಇ-ಸ್ವತ್ತು ನಮೂನೆ 9 ಮತ್ತು 11, ಉಪನೋಂದಣಿ ಕಚೇರಿಯ ಋಣಭಾರ ಪತ್ರ ಇವೂ ಬೇಕು. ಮಗ ಇನ್ನೂ ಸೇವೆಯಲ್ಲಿದ್ದರೆ ಅವನು ರಜೆಯ ಮೇಲೆ ಬಂದಾಗಲೇ ಈ ಕೆಲಸ ಆರಂಭಿಸಿ. ಸೇವೆಯಲ್ಲಿರುವವರಿಗೆ ಸೈನ್ಯದ ಗುಂಪು ವಿಮಾ ನಿಧಿಯಿಂದಲೂ ಮನೆಗೆ ಸಾಲ ಸಿಗುತ್ತದೆ. ಅದನ್ನು ನಿವೃತ್ತಿಗೆ ಮೊದಲೇ ವಿಚಾರಿಸಲಿ.

2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರ ಮಾತು ಬೇರೆ. ನಾಲ್ಕು ವರ್ಷ ಮುಗಿಸಿ ಹೊರಬಂದವರಿಗೆ ಪಿಂಚಣಿಯಿಲ್ಲ, ಸೇವಾನಿಧಿ ಎಂದು ಸುಮಾರು 11.71 ಲಕ್ಷ ರೂಪಾಯಿ ಎಂದು ಆಗ ಸರ್ಕಾರ ತಿಳಿಸಿತ್ತು. ಅಂಥವರು ಮೊದಲು ಒಂದು ನೌಕರಿ ಹಿಡಿದು, ಆ ಹಣವನ್ನು ಠೇವಣಿಯಲ್ಲಿಟ್ಟು, ಆಮೇಲೆ ಸಾಲದ ಯೋಚನೆ ಮಾಡುವುದು ಲೇಸು. 23ರ ಹುಡುಗನಿಗೆ ಮನೆ ಕಟ್ಟಲು ಇಷ್ಟು ಅವಸರ ಏಕೆ? ಹೆಣ್ಣು ಕೊಡುವವರು ಕೇಳುತ್ತಾರೆಂದು ಹೇಳುತ್ತೀರಿ, ಅದೂ ನನಗೆ ಗೊತ್ತು.

ಹಾಲು ಹಾಕಿದ ಲೆಕ್ಕದ ದೃಢೀಕರಣ ಪತ್ರ ಬೇಕಾದವರು ಸಂಘದ ಕಾರ್ಯದರ್ಶಿಗಳನ್ನು ಕೇಳಿರಿ. ಕೊನೆಯ ದಿನ ಓಡಿ ಬಾರದೆ ವಾರ ಮೊದಲೇ ತಿಳಿಸಿದರೆ ಅವರಿಗೂ ಅನುಕೂಲ.